ಸುಗ್ಗಿಯ ಬುತ್ತಿ: ದಾವಣಗೆರೆ–ಹರಿಹರ ಸೀಮೆಯ ಚಳಿಗಾಲದ ಅಡುಗೆಮನೆ

ದಾವಣಗೆರೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಬೆಣ್ಣೆದೋಸೆ, ಸಂಜೆಯಾದರೆ ಮಂಡಕ್ಕಿ–ಮಿರ್ಚಿ. ಇವು ಪೇಟೆಯ ತಿಂಡಿಗಳು. ಹತ್ತಿ ಮಿಲ್ಲಿನ ಪಾಳಿ ಮುಗಿಸಿ ಬಂದ ಕಾರ್ಮಿಕರು, ಮಾಲು ಮಾರಲು ಗಾಡಿ ಹೂಡಿಕೊಂಡು ಬಂದ ರೈತರು, ದಲಾಲಿ ಅಂಗಡಿಯ ಗುಮಾಸ್ತರು ತಿಂದು ಬೆಳೆಸಿದ ರುಚಿಗಳು. ಅವುಗಳಿಗೆ ಅಂಗಡಿಯ ಬೋರ್ಡು ಇದೆ, ಊರಾಚೆಗೂ ಹೆಸರಿದೆ. ಆದರೆ ಇದೇ ಊರಿನ, ಪಕ್ಕದ ಹರಿಹರದ, ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ನಡೆಯುವ ಹಬ್ಬದ ಅಡುಗೆಯ ಚರಿತ್ರೆಯನ್ನು ಬರೆದಿಟ್ಟವರು ಕಡಿಮೆ. ಅದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯಿಂದ ಕೈಗೆ ದಾಟಿ ಬಂದ ವಿದ್ಯೆ.

ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅಡುಗೆಯ ಮಾತೇಕೆ ಎಂದು ಓದುಗರು ಕೇಳಬಹುದು. ರಾಜರ ಚರಿತ್ರೆಗೆ ಶಾಸನ ಆಧಾರ, ಸರ್ಕಾರದ ಚರಿತ್ರೆಗೆ ಕಡತ ಆಧಾರ. ಜನರ ಚರಿತ್ರೆಗೆ ಅವರ ಊಟವೂ ಒಂದು ಆಧಾರ. ನಮ್ಮ ಸೀಮೆಯಲ್ಲಂತೂ ಚಳಿಗಾಲದ ಹಬ್ಬದ ಎಡೆಯನ್ನು ಹಳೆಯ ಪಹಣಿಯಂತೆ ಓದಬಹುದು. ಹೊಲದಿಂದ ಮರೆಯಾದ ಅನೇಕ ಬೆಳೆಗಳು ಆ ಎಡೆಯಲ್ಲಿ ಇಂದಿಗೂ ಉಳಿದಿವೆ.

ನೆಲ, ನದಿ, ಪೇಟೆ

ಮೊದಲು ನೆಲವನ್ನು ನೋಡೋಣ. ಹರಿಹರ ತುಂಗಭದ್ರೆಯ ದಡದ ಪ್ರಾಚೀನ ಊರು. ಸೂಳೆಕೆರೆಯ ಕಡೆಯಿಂದ ಬರುವ ಹರಿದ್ರಾ ಹಳ್ಳ ಇಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಊರಿಗೆ ಹೆಸರು ತಂದಿತು. ಕನ್ನಡ ನಾಡಿನ ಶಾಸನಗಳಲ್ಲಿ ದಾನದ ಪುಣ್ಯಕಾಲವಾಗಿ ಮತ್ತೆ ಮತ್ತೆ ಕಾಣುವುದು ಉತ್ತರಾಯಣ ಸಂಕ್ರಮಣ. ಇಂದಿಗೂ ಆ ದಿನ ಹರಿಹರದ ಹೊಳೆದಂಡೆಯಲ್ಲಿ ಮೀಯುವವರ ಸಾಲು ಕಾಣುತ್ತದೆ.

ದಾವಣಗೆರೆ ಹೆಸರಾದದ್ದು ಇದಕ್ಕಿಂತ ಬಹಳ ಈಚೆಗೆ. ಮೊದಲು ಅದು ಬೇತೂರಿಗೆ ಸೇರಿದ ಸಣ್ಣ ಗ್ರಾಮವಾಗಿತ್ತು. ಹೈದರ್ ಅಲಿ ಅದನ್ನು ಅಪ್ಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಅವನು ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ. 1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲೂ ಬಂದಿದ್ದ, ಇಲ್ಲಿನ ಕಂಬಳಿ ನೇಯ್ಗೆಯನ್ನು ಕುರಿತು ಬರೆದ. ಮುಂದೆ ರೈಲು ಬಂತು, ಹತ್ತಿ ಜಿನ್ನುಗಳು ಬಂದವು, 20ನೆಯ ಶತಮಾನದಲ್ಲಿ ಬಟ್ಟೆ ಮಿಲ್ಲುಗಳು ಬಂದು ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು.

ಪೇಟೆ ಬೆಳೆದರೂ ಅದರ ಸುತ್ತಲಿನ ನೆಲ ಮಳೆಯನ್ನೇ ನಂಬಿತ್ತು. ಎರೆಹೊಲದಲ್ಲಿ ಬಿಳಿಜೋಳ, ಹತ್ತಿ, ಕಡಲೆ, ಕುಸುಬೆ. ಕೆಂಪು ನೆಲದಲ್ಲಿ ರಾಗಿ, ಸಜ್ಜೆ, ನವಣೆ, ಸಾವೆ, ಶೇಂಗಾ. ಸಾಲಿನ ನಡುವೆ ಅಕ್ಕಡಿಯಾಗಿ ತೊಗರಿ, ಅವರೆ, ಹುಚ್ಚೆಳ್ಳು. ಮುಂಗಾರಿನ ಪೈರು ಕಾರ್ತಿಕ ಮಾಸದ ಹೊತ್ತಿಗೆ ಕಣಕ್ಕೆ ಬರುತ್ತಿತ್ತು. ಹಿಂಗಾರಿನ ಜೋಳ, ಕಡಲೆ ಪುಷ್ಯದಲ್ಲಿ ಹಾಲುಗಾಳು, ಮಾಘದಲ್ಲಿ ಒಕ್ಕಣೆ. ವರ್ಷದ ಅನ್ನ ಮನೆಗೆ ಬರುವ ಕಾಲವೆಂದರೆ ಚಳಿಗಾಲ. ಆದ್ದರಿಂದಲೇ ನಮ್ಮ ಸೀಮೆಯ ದೊಡ್ಡ ಅಡುಗೆಯ ಹಬ್ಬಗಳಲ್ಲಿ ಹಲವು ಈ ನಾಲ್ಕು ತಿಂಗಳಲ್ಲಿ ಬರುತ್ತವೆ.

ಹುಣ್ಣಿಮೆಯಿಂದ ಹುಣ್ಣಿಮೆಗೆ

ಮೊದಲನೆಯದು ಆಶ್ವೀಜದ ಸೀಗಿ ಹುಣ್ಣಿಮೆ. ಇದನ್ನು ಭೂಮಿ ಹುಣ್ಣಿಮೆ ಎಂದೂ ಕರೆಯುತ್ತಾರೆ. ಹೊಲದಲ್ಲಿ ತೆನೆ ಹೊತ್ತು ನಿಂತ ಪೈರನ್ನು ಬಸುರಿ ಹೆಂಗಸೆಂದು ಭಾವಿಸಿ ಅದರ ಬಯಕೆ ತೀರಿಸುವ ಹಬ್ಬ. ಮನೆಯವರೆಲ್ಲ ಅಡುಗೆ ಮಾಡಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲನ್ನು ಪಾಂಡವರೆಂದು ಇಟ್ಟು ಪೂಜಿಸಿ, ಎಡೆಯನ್ನು ಹೊಲದ ಸುತ್ತ ಎರಚುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎಂದು ಹೆಸರು. ಮನೆಯವರು ಉಣ್ಣುವ ಮೊದಲು ಭೂಮಿಗೆ, ಇಲಿ–ಹಕ್ಕಿಗಳಿಗೆ, ಹೊಲದ ಹುಳುಹುಪ್ಪಟೆಗೆ ಪಾಲು.

ದೀಪಾವಳಿ ನಮ್ಮ ಹಳ್ಳಿಗಳಲ್ಲಿ ಹಟ್ಟಿ ಹಬ್ಬ. ಸಗಣಿಯಲ್ಲಿ ಹಟ್ಟಿಲಕ್ಕವ್ವನನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡುಹೂವು ಸಿಕ್ಕಿಸಿ ಬಾಗಿಲಲ್ಲಿ, ದನದ ಕೊಟ್ಟಿಗೆಯಲ್ಲಿ ಇಟ್ಟು ಹೋಳಿಗೆ, ಕಡುಬು ಎಡೆ ಮಾಡುತ್ತಾರೆ. ಇದೇ ಹಬ್ಬಕ್ಕೆ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ‘ಮೇರಾ’ ಹೇಳಿ ಹರಸುತ್ತಾರೆ. ಕಾರ್ತಿಕದಲ್ಲಿ ಗೌರಿ ಹುಣ್ಣಿಮೆ. ಅಂದು ಮರದ ಅಚ್ಚಿನಲ್ಲಿ ಹೊಯ್ದ ಸಕ್ಕರೆ ಆರತಿ ಬೆಳಗುವುದು, ಮದುವೆ ನಿಶ್ಚಯವಾದ ಹುಡುಗಿಯ ಮನೆಗೆ ಸಕ್ಕರೆ ಆರತಿ, ಹೂವು, ಸೀರೆ ಒಯ್ಯುವುದು ರೂಢಿ. ಮಾರ್ಗಶಿರದಲ್ಲಿ ಹೊಸ್ತಿಲ ಹುಣ್ಣಿಮೆ, ಆಮೇಲೆ ಎಳ್ಳು ಅಮಾವಾಸ್ಯೆ, ಅದರ ಬೆನ್ನಿಗೆ ಸಂಕ್ರಾಂತಿ, ಪುಷ್ಯದಲ್ಲಿ ಬನದ ಹುಣ್ಣಿಮೆ. ನಡುವೆ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಬರುತ್ತದೆ. ಆರೋಗ್ಯ ಮಾತೆಯ ದೇಗುಲವಿರುವ ಹರಿಹರದಲ್ಲಿ ಆಗ ತಿಂಡಿಯ ತಟ್ಟೆ ಬೀದಿ ದಾಟಿ ನೆರೆಮನೆಗೆ ಹೋಗುತ್ತದೆ. ಹಬ್ಬ ಯಾರದಾದರೂ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ನಮ್ಮ ಓಣಿಗಳ ಹಳೆಯ ಮರ್ಯಾದೆ.

ಮನೆ, ಕಣ, ಒಲೆ

ಈ ಹಬ್ಬಗಳ ಅಡುಗೆಯನ್ನು ಮನೆತನದ ದುಡಿಮೆಯಿಂದ ಬೇರೆಯಾಗಿ ನೋಡಲಾಗದು. ಸುಗ್ಗಿ ಬಂತೆಂದರೆ ಊರ ಹೊರಗೆ ಕಣ ಮಾಡುತ್ತಿದ್ದರು. ನೆಲ ಕೆತ್ತಿ, ನೀರು ಹೊಡೆದು, ಸಗಣಿ ಸಾರಿಸಿ ಗಟ್ಟಿ ಮಾಡಿ ನಡುವೆ ಮೇಟಿ ನೆಡುತ್ತಿದ್ದರು. ತೆನೆ ಹರವಿ ಎತ್ತುಗಳಿಂದ ತುಳಿಸಿ, ಕಲ್ಲಿನ ಗುಂಡು ಹೊಡೆದು, ಗಾಳಿಗೆ ತೂರಿ ರಾಶಿ ಮಾಡುವುದು. ಚಳಿಯ ರಾತ್ರಿಯಲ್ಲಿ ಕಂಬಳಿ ಹೊದ್ದು ಹಂತಿಯ ಹಾಡು ಹೇಳುತ್ತ ಈ ಕೆಲಸ ನಡೆಯುತ್ತಿತ್ತು. ರಾಶಿಗೆ ಪೂಜೆಯಾದ ಮೇಲೆ ಬಡಗಿ, ಕಮ್ಮಾರ, ಕುಂಬಾರ, ಕ್ಷೌರಿಕ, ತಳವಾರ ಮುಂತಾದವರಿಗೆ ವರ್ಷದ ದುಡಿಮೆಗೆ ಪ್ರತಿಯಾಗಿ ಕಾಳಿನಲ್ಲೇ ಆಯ ಕೊಡುವುದು. ಉಳಿದದ್ದು ಹಗೇವಿಗೆ, ಕಣಜಕ್ಕೆ, ಗುಡಾಣಕ್ಕೆ. ಬೀಜದ ಕಾಳನ್ನು ಆರಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಬೇರೆಯಾಗಿ ಇಡುತ್ತಿದ್ದವರು ಹೆಂಗಸರು. ಮುಂದಿನ ವರ್ಷದ ಬೆಳೆ ಅವರ ಕಣ್ಣಿನ ಆಯ್ಕೆಯಲ್ಲಿತ್ತು.

ಒಲೆಯ ಉರುವಲು ಕೂಡ ಹೊಲದಿಂದಲೇ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು. ಜೋಳದ ಸೊಪ್ಪೆ ದನಕ್ಕೆ ಮೇವು. ಹತ್ತಿಕಾಳು ತಿಂದ ಎಮ್ಮೆಯ ಹಾಲಿನಿಂದ ಮನೆಗೆ ಮೊಸರು, ಪೇಟೆಗೆ ಬೆಣ್ಣೆ. ಹೀಗೆ ಒಂದು ಬೆಳೆಯಿಂದ ಮನುಷ್ಯ, ದನ, ಒಲೆ ಮೂರಕ್ಕೂ ಆಹಾರ ಸಿಗುತ್ತಿತ್ತು.

ಇದನ್ನು ಹೇಳುವಾಗ ಹಳೆಯದೆಲ್ಲ ಸಮೃದ್ಧಿ ಎಂದು ಭಾವಿಸಬಾರದು. ಹಬ್ಬದ ಊಟ ಮಳೆಯ ಮೇಲೆ ನಿಂತಿತ್ತು. 1876ರಿಂದ 1878ರವರೆಗೆ ಬಂದ ಬರಗಾಲವನ್ನು ಹಿರಿಯರು ಆಗಿನ ಸಂವತ್ಸರಗಳ ಹೆಸರಿನಿಂದ ಧಾತು–ಈಶ್ವರ ಬರ ಎಂದು ಕರೆದರು. ಸುಮಾರು 50 ಲಕ್ಷ ಜನರಿದ್ದ ಮೈಸೂರು ಸಂಸ್ಥಾನದಲ್ಲಿ ಆ ಬರಕ್ಕೆ ಸುಮಾರು 10 ಲಕ್ಷ ಜನ ಬಲಿಯಾದರು. ಒಳ್ಳೆಯ ಮಳೆಯ ವರ್ಷದಲ್ಲೂ ಎಲ್ಲರ ಮನೆಯಲ್ಲಿ ರಾಶಿ ಇರಲಿಲ್ಲ. ಗೇಣಿಗೆ ಉಳುವವನ ಕಣದಿಂದ ಬೆಳೆಯ ಪಾಲು ಹೊಲದ ಒಡೆಯನ ಮನೆಗೆ ಹೋಗುತ್ತಿತ್ತು. ಹೊಲವೇ ಇಲ್ಲದ ಕೂಲಿಯವರ ಹಬ್ಬ ಬೇರೆಯವರ ಕಣದಲ್ಲಿ ಸಿಕ್ಕ ಮೊರದ ಕಾಳಿನಿಂದ ಆಗುತ್ತಿತ್ತು. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಅನೇಕ ಗೇಣಿದಾರರು ಹೊಲದ ಒಡೆಯರಾದರು. ಅಂಥ ಮನೆಗಳಲ್ಲಿ ರಾಶಿ ಪೂರ್ತಿಯಾಗಿ ಉಳಿಯಿತು. ಹಬ್ಬದ ಅಡುಗೆಯ ಚರಿತ್ರೆಯಲ್ಲಿ ಅದೂ ಒಂದು ಮುಖ್ಯ ವರ್ಷ.

ಸಂಕ್ರಾಂತಿಯ ಬುತ್ತಿ

ನಮ್ಮ ಸೀಮೆಯ ಸಂಕ್ರಾಂತಿಯ ವಿಶೇಷ ಎಂದರೆ ಅಂದು ಹೊರಗೆ ಕುಳಿತು ಉಣ್ಣುವುದು. ಬೆಳಿಗ್ಗೆ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಸ್ನಾನ, ಆಮೇಲೆ ಬುತ್ತಿ ಕಟ್ಟಿಕೊಂಡು ಹೊರಡುವುದು. ಹಿಂದೆ ಹೊಳೆಗೆ, ಕೆರೆಗೆ, ತೋಟಕ್ಕೆ ಗಾಡಿಯಲ್ಲಿ ಹೋಗುತ್ತಿದ್ದರು. ಇಂದು ಬೈಕು, ಆಟೊಗಳಲ್ಲಿ ಹರಿಹರದ ಹೊಳೆದಂಡೆಗೆ, ಕೊಂಡಜ್ಜಿಗೆ, ಸೂಳೆಕೆರೆಗೆ, ದಾವಣಗೆರೆಯ ಕುಂದವಾಡ ಕೆರೆಗೆ, ಗಾಜಿನ ಮನೆಗೆ, ಇನ್ನಿತರ ಉದ್ಯಾನಗಳಿಗೆ ಹೋಗುತ್ತಾರೆ. ವಾಹನ ಬದಲಾದರೂ ಬುತ್ತಿಯ ಒಳಗಿನದು ಬಹುಮಟ್ಟಿಗೆ ಅದೇ.

ಆ ಬುತ್ತಿಯನ್ನು ಬಿಚ್ಚಿ ನೋಡೋಣ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಚಪಾತಿ. ಬದನೆಕಾಯಿ ಎಣ್ಣೆಗಾಯಿ, ಹಸಿ ಅವರೆ ಮತ್ತು ಕಡಲೆಕಾಳಿನ ಪಲ್ಯ. ಶೇಂಗಾ, ಹುಚ್ಚೆಳ್ಳು, ಅಗಸೆಯ ಚಟ್ನಿಪುಡಿಗಳು. ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕೆಲವು ಮನೆಗಳಲ್ಲಿ ಮಾದಲಿ ಅಥವಾ ಗೋಧಿಹುಗ್ಗಿ. ಚಿತ್ರಾನ್ನ, ಮೊಸರನ್ನ, ಅದಕ್ಕೆ ಕರಿದ ಮಜ್ಜಿಗೆ ಮೆಣಸಿನಕಾಯಿ. ಎರೆಹೊಲದ ಮತ್ತು ಕೆಂಪು ಹೊಲದ ಬೆಳೆಗಳೆಲ್ಲ ಒಂದು ಬಟ್ಟೆಯ ಗಂಟಿನಲ್ಲಿ ಸೇರಿವೆ.

ಇದರ ಹಿಂದೆ ಪಕ್ಕಾ ಲೆಕ್ಕಾಚಾರವಿದೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು, ಬಿಸಿನೀರಿಗೆ ಹಿಟ್ಟಿನ ಪಿಷ್ಟ ಬೆಂದು ಜಿಗಿ ಬರುತ್ತದೆ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿಯ ಅಂಚು ಬಿರಿಯುತ್ತದೆ, ಆದ್ದರಿಂದ ಬೇಕಾದಷ್ಟನ್ನೇ ಬೀಸುವುದು. ತೆಳ್ಳಗೆ ತಟ್ಟಿ ಬೇಯಿಸಿ ಆರಿಸಿದ ಕಟಕ್ ರೊಟ್ಟಿಯಲ್ಲಿ ತೇವ ಇರುವುದಿಲ್ಲ, ಅನೇಕ ದಿನ ಕೆಡುವುದಿಲ್ಲ. ಕಡಲೆಬೇಳೆ ಬೇಯಿಸಿ ರುಬ್ಬಿದ ಹೂರಣದ ಹೋಳಿಗೆ ಬೇಗ ಹಳಸುತ್ತದೆ. ಶೇಂಗಾವನ್ನೋ ಎಳ್ಳನ್ನೋ ಹುರಿದು ಬೆಲ್ಲ ಕೂಡಿಸಿ ಕುಟ್ಟಿದ ಹೋಳಿಗೆಗೆ ನೀರು ತಾಗುವುದಿಲ್ಲ, ಅದು ಪ್ರಯಾಣಕ್ಕೆ, ಹೊಲಕ್ಕೆ, ಹಾಸ್ಟೆಲಿಗೆ ಹೋಗುವ ಮಕ್ಕಳ ಚೀಲಕ್ಕೆ ತಕ್ಕ ತಿನಿಸು. ಚಳಿಯಲ್ಲಿ ಚರ್ಮ ಒಣಗುವ ಕಾಲದಲ್ಲಿ ಎಳ್ಳು, ಶೇಂಗಾ, ಬೆಲ್ಲ ಮೈಗೆ ಜಿಡ್ಡು ಮತ್ತು ಬಲ ಕೊಡುತ್ತವೆ.

ಬುತ್ತಿಯಲ್ಲಿ ಇನ್ನೊಂದು ಪಾಠವೂ ಇದೆ. ನಾವು ಪುರಾತನ ಎನ್ನುವ ಈ ಅಡುಗೆಯಲ್ಲಿ ಹೊಸಬರೂ ಇದ್ದಾರೆ. ಮೆಣಸಿನಕಾಯಿ ಮತ್ತು ಶೇಂಗಾ ಎರಡೂ ಮೂಲತಃ ಅಮೆರಿಕ ಖಂಡದವು. ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲಿ ಭಾರತಕ್ಕೆ ಬಂತು. ಶೇಂಗಾ ನಮ್ಮ ಹೊಲಗಳನ್ನು ತುಂಬಿದ್ದು ಅದಕ್ಕಿಂತಲೂ ಬಹಳ ತಡವಾಗಿ. ಎಳ್ಳು, ಜೋಳ, ಅವರೆ ಅವಕ್ಕಿಂತ ಎಷ್ಟೋ ಹಳೆಯವು. ಹರಿಹರೇಶ್ವರ ದೇವಾಲಯ ಕಟ್ಟಿದ ಕಾಲದ ಸಂಕ್ರಮಣದ ಊಟದಲ್ಲಿ ಎಳ್ಳು ಇದ್ದಿರಬಹುದು, ಶೇಂಗಾ ಹೋಳಿಗೆಯಂತೂ ಇರಲು ಸಾಧ್ಯವಿಲ್ಲ. ಅಡುಗೆಮನೆ ಹೊಸದನ್ನು ಬಾಗಿಲಲ್ಲಿ ತಡೆಯಲಿಲ್ಲ, ಒಳಗೆ ಕರೆದು ನಮ್ಮದಾಗಿಸಿಕೊಂಡಿತು.

ಎರಡು ದಡಗಳ ಊಟ

1956ರ ನವೆಂಬರ್ 1ರವರೆಗೆ ಹರಿಹರ ಗಡಿಯ ಊರು. ಹೊಳೆಯ ಈಚೆ ಮೈಸೂರು, ಆಚೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ಅಂದರೆ ರಾಣೆಬೆನ್ನೂರು ಸೀಮೆ. ಆಡಳಿತ ಬೇರೆ, ಶಾಲೆಯ ಪಠ್ಯ ಬೇರೆ. ಆದರೆ ಹೆಣ್ಣು ಕೊಡುವುದು, ತರುವುದು, ಎತ್ತು ಮಾರುವುದು, ಜಾತ್ರೆಗೆ ಹೋಗುವುದು ಎರಡು ದಡಕ್ಕೂ ಸೇರಿದ ವ್ಯವಹಾರ. ಆಚೆ ದಡದಿಂದ ಬಂದ ಸೊಸೆ ತನ್ನ ಜೊತೆ ರೊಟ್ಟಿ ತಟ್ಟುವ ಕೈಯನ್ನೂ ಕುಸುರೆಳ್ಳನ್ನೂ ತಂದಳು. ಮೈಸೂರು ಕಡೆಯಿಂದ ಬಂದ ನೌಕರರ ಮನೆಗಳು ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಶೇಂಗಾ ಬೆರೆಸಿದ ಎಳ್ಳುಬೆಲ್ಲವನ್ನೂ ಸಕ್ಕರೆ ಅಚ್ಚನ್ನೂ ತಂದವು. ಇಂದು ನಮ್ಮ ಊರುಗಳಲ್ಲಿ ಸಂಕ್ರಾಂತಿಗೆ ಎರಡೂ ಹಂಚುತ್ತಾರೆ. ಒಂದೇ ಪಂಕ್ತಿಯಲ್ಲಿ ಮುದ್ದೆಗೂ ಜಾಗವಿದೆ, ರೊಟ್ಟಿಗೂ ಜಾಗವಿದೆ. ಕರ್ನಾಟಕದ ಏಕೀಕರಣ ಕಾಗದದ ಮೇಲೆ ಆಗುವ ಮೊದಲೇ ಮಧ್ಯ ಕರ್ನಾಟಕದ ಅಡುಗೆಮನೆಯಲ್ಲಿ ಆಗಿತ್ತು ಎಂದರೆ ಉತ್ಪ್ರೇಕ್ಷೆಯಾಗದು.

ನಾಲೆ ಬಂದ ಮೇಲೆ

ನಮ್ಮ ನೆಲದ ಚರಿತ್ರೆಯನ್ನು ಎರಡಾಗಿ ಭಾಗ ಮಾಡಿದ್ದು ಭದ್ರಾ ನಾಲೆ. ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟು 1965ರಲ್ಲಿ ಪೂರ್ಣವಾಯಿತು. ಬಲದಂಡೆ ನಾಲೆಯ ನೀರು ದಾವಣಗೆರೆ, ಹರಿಹರದ ಹೊಲಗಳಿಗೆ ಹರಿಯಿತು. ಜೋಳದ ಹೊಲ ಭತ್ತದ ಗದ್ದೆಯಾಯಿತು, ಕಬ್ಬು ಬಂತು, ಮುಂದೆ ಅಡಿಕೆ, ತೆಂಗು ಬಂದವು. ನಾಲೆಯ ನೀರು ಬರಗಾಲದ ಭಯವನ್ನು ತಗ್ಗಿಸಿತು, ಸಾಲದ ಮನೆಗಳನ್ನು ಎತ್ತಿ ನಿಲ್ಲಿಸಿತು, ಅನೇಕರ ಮಕ್ಕಳನ್ನು ಶಾಲೆಗೆ ಕಳಿಸಿತು. ಮಂಡಕ್ಕಿ ಭಟ್ಟಿಗಳು ಉರಿಯುವುದೂ ಭತ್ತದಿಂದಲೇ. ಹಿಂದೆ ಹಬ್ಬಕ್ಕೆ ಮಾತ್ರ ಇದ್ದ ಅಕ್ಕಿಯ ಅನ್ನ ದಿನದ ಊಟವಾಯಿತು.

ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಅಚ್ಚುಕಟ್ಟಿನ ಹಳ್ಳಿಗಳಲ್ಲಿ ಮಳೆಗಾಲದ ಭತ್ತ ಸಂಕ್ರಾಂತಿಗೆ ಮೊದಲೇ ಕೊಯ್ಲಾಗಿ ಮಾರಾಟವಾಗಿರುತ್ತದೆ. ಜನವರಿ ಎಂದರೆ ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರು ಬಿಡುವ ಕಾಲ, ಸಸಿಮಡಿ ಮತ್ತು ನಾಟಿಯ ಚಿಂತೆಯ ಕಾಲ. ಹೀಗೆ ಸುಗ್ಗಿಯ ಹಬ್ಬ ಸುಗ್ಗಿಯಿಂದ ಬೇರೆಯಾಯಿತು. ನಾಲೆ ತಲುಪದ ಖುಷ್ಕಿ ಹೊಲಗಳಲ್ಲಿ ಮೆಕ್ಕೆಜೋಳ ಹರಡಿತು. ಇಂದು ದಾವಣಗೆರೆ ಜಿಲ್ಲೆ ಮೆಕ್ಕೆಜೋಳದ ಕಣಜವೆಂದು ಹೆಸರಾಗಿದೆ. ಆ ಮೆಕ್ಕೆಜೋಳ ಹೆಚ್ಚಾಗಿ ಕೋಳಿ ಆಹಾರಕ್ಕೆ, ಕಾರ್ಖಾನೆಗೆ ಹೋಗುತ್ತದೆ, ನಮ್ಮ ತಟ್ಟೆಗೆ ಬರುವುದು ಕಡಿಮೆ. ಅದನ್ನು ಬೆಳೆಯುವ ರೈತನೂ ರೊಟ್ಟಿಗೆ ಬೇಕಾದ ಬಿಳಿಜೋಳವನ್ನು ಅಂಗಡಿಯಿಂದ ತರುತ್ತಾನೆ. ಎಳ್ಳೂ ಅಂಗಡಿಯದೇ, ನವಣೆಯೂ ಅಂಗಡಿಯದೇ.

ಹೀಗಿದ್ದೂ ಸಂಕ್ರಾಂತಿಯ ಬುತ್ತಿಯಲ್ಲಿ ರೊಟ್ಟಿಯ ಜಾಗಕ್ಕೆ ಮಂಡಕ್ಕಿ ಬರಲಿಲ್ಲ, ಎಳ್ಳಿನ ಜಾಗಕ್ಕೆ ಮೆಕ್ಕೆಜೋಳ ಬರಲಿಲ್ಲ. ಹೊಲ ಮರೆತ ಬೆಳೆಯನ್ನು ಅಡುಗೆಮನೆ ಐವತ್ತು ವರ್ಷಕ್ಕೂ ಮಿಕ್ಕಿ ನೆನಪಿಟ್ಟುಕೊಂಡಿದೆ. ಈ ನೆನಪನ್ನು ಕಾಪಾಡಿದವರು ನಮ್ಮ ಅವ್ವಂದಿರು, ಅಜ್ಜಿಯಂದಿರು. ಅವರಲ್ಲಿ ಹಲವರಿಗೆ ಶಾಲೆಯ ಮೆಟ್ಟಿಲು ಹತ್ತುವ ಅವಕಾಶ ಸಿಗಲಿಲ್ಲ.

ಈಗ ಆಗಬೇಕಾದದ್ದು

ಈಗ ಆ ನೆನಪೂ ತೆಳ್ಳಗಾಗುತ್ತಿದೆ. ಕಟಕ್ ರೊಟ್ಟಿ, ಶೇಂಗಾ ಹೋಳಿಗೆ, ಎಳ್ಳುಬೆಲ್ಲದ ಪೊಟ್ಟಣ ಅಂಗಡಿಯಲ್ಲಿ ಸಿಗುತ್ತವೆ. ಇದನ್ನು ಹಳಿಯುವುದು ನ್ಯಾಯವಲ್ಲ. ರೊಟ್ಟಿ ತಟ್ಟಿ ಮಾರುವ ಹೆಣ್ಣುಮಕ್ಕಳು ಅದರಿಂದ ಸಂಸಾರ ನಡೆಸುತ್ತಿದ್ದಾರೆ, ಹೊರಗೆ ದುಡಿಯುವ ತಾಯಂದಿರಿಗೆ ಅದು ಅನುಕೂಲ. ಹೊಗೆ ತುಂಬಿದ ಒಲೆಯ ಮುಂದೆ ನಸುಕಿನಿಂದ ಕೂತು ನೂರಾರು ರೊಟ್ಟಿ ಬೇಯಿಸಿದ ಕಷ್ಟವನ್ನು ಯಾರೂ ಮತ್ತೆ ಬಯಸಬೇಕಾಗಿಲ್ಲ. ಆದರೆ ಕಷ್ಟದ ಜೊತೆಗೆ ತಿಳಿವಳಿಕೆಯೂ ಹೋಗಿಬಿಟ್ಟರೆ ನಷ್ಟ ನಮ್ಮದೇ. ಯಾವ ನೆಲಕ್ಕೆ ಯಾವ ಜೋಳ, ಯಾವ ಬೀಜ ಕಡಿಮೆ ಮಳೆಗೆ ತಾಳುತ್ತದೆ, ಯಾವ ಕಾಳನ್ನು ಹೇಗೆ ಹುಳು ಬೀಳದಂತೆ ಇಡಬೇಕು, ಎಂಬುದೆಲ್ಲ ಈ ಅಡುಗೆಯ ಹಿಂದಿನ ವಿದ್ಯೆ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಘೋಷಿಸಿದಾಗ ಜಗತ್ತು ನಮ್ಮ ಅಜ್ಜಿಯರ ಕಣಜದತ್ತ ತಿರುಗಿ ನೋಡಿತು. ನಾಲೆಯಲ್ಲಿ ನೀರು ಸಾಲದ ವರ್ಷಗಳು ಬಂದಾಗ ಆ ಧಾನ್ಯಗಳ ಬೆಲೆ ನಮಗೂ ಗೊತ್ತಾಗುತ್ತದೆ.

ನಮ್ಮ ಶಾಲೆಯ ಮಕ್ಕಳು ಸಮಾಜವಿಜ್ಞಾನದ ಪುಸ್ತಕದಲ್ಲಿ ಬೇರೆ ಬೇರೆ ದೇಶಗಳ ಚರಿತ್ರೆ ಓದುತ್ತಾರೆ. ಅದರ ಜೊತೆಗೆ ಈ ಚಳಿಗಾಲದಲ್ಲಿ ಒಂದು ನೋಟ್‌ಬುಕ್ ಹಿಡಿದು ತಮ್ಮ ಮನೆಯ ಅಥವಾ ಓಣಿಯ ಹಿರಿಯ ಹೆಣ್ಣುಮಕ್ಕಳ ಹತ್ತಿರ ಕೂರಬೇಕು. ಕೇಳಬೇಕಾದ ಪ್ರಶ್ನೆಗಳು ಸರಳ. ನಿಮ್ಮ ತವರಿನ ಹೊಲದಲ್ಲಿ ಏನು ಬೆಳೆಯುತ್ತಿದ್ದರು? ಹಗೇವು ಎಲ್ಲಿತ್ತು, ಅದನ್ನು ಯಾವ ತಿಂಗಳು ತೆಗೆಯುತ್ತಿದ್ದರು? ಸಂಕ್ರಾಂತಿಗೆ ಎಷ್ಟು ರೊಟ್ಟಿ, ಯಾರು ಯಾರು ಸೇರಿ ತಟ್ಟುತ್ತಿದ್ದಿರಿ? ಬರದ ವರ್ಷ ಹಬ್ಬಕ್ಕೆ ಏನು ಮಾಡಿದಿರಿ? ಆಯ ಯಾರಿಗೆ ಕೊಡುತ್ತಿದ್ದಿರಿ, ಅಥವಾ ಯಾರ ಕಣದಿಂದ ತರುತ್ತಿದ್ದಿರಿ? ಹೇಳಿದ್ದನ್ನು ಅವರ ಮಾತಿನಲ್ಲೇ, ಅವರ ಊರಿನ ಪದಗಳಲ್ಲೇ ಬರೆದುಕೊಳ್ಳಬೇಕು. ನೂರು ಮಕ್ಕಳು ನೂರು ಮನೆಯಲ್ಲಿ ಹೀಗೆ ಬರೆದರೆ ನಮ್ಮ ಸೀಮೆಗೆ ಎಲ್ಲಿಯೂ ಅಚ್ಚಾಗದ ಒಂದು ಚರಿತ್ರೆ ಸಿಗುತ್ತದೆ. ಶಾಲೆಯ ಗ್ರಂಥಾಲಯದಲ್ಲಿ ಆ ನೋಟ್‌ಬುಕ್‌ಗಳಿಗೆ ಒಂದು ಕಪಾಟು ಮೀಸಲಿಟ್ಟರೆ, ಶತಮಾನೋತ್ಸವದ ಸಂಚಿಕೆ ತರುವವರಿಗೆ ಅದು ನಾವು ಕಟ್ಟಿಕೊಟ್ಟ ಬುತ್ತಿಯಾಗುತ್ತದೆ.